ಗರಸಿಗೂ ಟಾರಿಗೂ ಒಂದೇ ಸೈಕಲ್ಲು

ಕೊಟ್ಟೂರು, ಹರಪನಹಳ್ಳಿ ಕಡೆಯ ಹಳೆಯ ಸೈಕಲ್ ಶಾಪುಗಳಲ್ಲಿ ಟೈರುಗಳನ್ನು ಇಂದಿಗೂ ಗೋಡೆಯ ಗೂಟಕ್ಕೆ ತೂಗುಹಾಕಿರುತ್ತಾರೆ. ಧೂಳು ಒರೆಸಿ ಟೈರಿನ ಮಗ್ಗುಲನ್ನು ಬೆರಳಿನಿಂದ ತಡವಿದರೆ ಉಬ್ಬಕ್ಷರಗಳಲ್ಲಿ ಒಂದು ಅಳತೆ ಸಿಗುತ್ತದೆ: 28 × 1½. ಇದು ಇಂಚಿನ ಲೆಕ್ಕ. ಈಗಿನ ಅಂತಾರಾಷ್ಟ್ರೀಯ ಮಾನಕದಲ್ಲಿ ಅದನ್ನೇ 40-635 ಎಂದು ಬರೆಯುತ್ತಾರೆ. ಗಾಳಿ ತುಂಬಿದ ಟೈರಿನ ಅಗಲ 40 ಮಿಲಿಮೀಟರ್, ಟೈರು ರಿಮ್ಮಿನ ಮೇಲೆ ಕೂರುವ ವ್ಯಾಸ 635 ಮಿಲಿಮೀಟರ್. ಇನ್ನು ಬೆಂಗಳೂರಿನ ದೊಡ್ಡ ಅಂಗಡಿಗೆ ಹೋಗಿ, ಬೆಲೆ ಲಕ್ಷ ರೂಪಾಯಿ ದಾಟುವ ‘ಗ್ರಾವೆಲ್ ಬೈಕ್’ ಒಂದರ ಟೈರನ್ನು ಓದಿ ನೋಡಬೇಕು. ಅಲ್ಲಿ 700 × 38, 700 × 40, 700 × 45 ಎಂದಿರುತ್ತದೆ. 700 ಎಂಬುದು ರಿಮ್ಮಿನ ನಿಜವಾದ ಅಳತೆಯಲ್ಲ; ರಿಮ್ಮು ಹಳೆಯದಕ್ಕಿಂತ 13 ಮಿಲಿಮೀಟರ್ ಚಿಕ್ಕದು, ಅಷ್ಟೇ. ಟೈರಿನ ಅಗಲ ಹೆಚ್ಚುಕಡಿಮೆ ಅದೇ.

ಗ್ರಾವೆಲ್ ಬೈಕ್ ಎಂಬ ಹೆಸರು ಸೈಕಲ್ ಲೋಕಕ್ಕೆ ಹೊಸದು. ನುಣುಪು ರಸ್ತೆಗೆಂದು ಮಾಡಿದ ರೋಡ್ ಬೈಕಿನ ಸಪೂರ ಟೈರು ಜಲ್ಲಿಕಲ್ಲು ಸಿಕ್ಕ ಕೂಡಲೇ ಜಾರುತ್ತದೆ. ಬೆಟ್ಟದ ಹಾದಿಗೆಂದು ಮಾಡಿದ ಮೌಂಟನ್ ಬೈಕು ಟಾರಿನ ಮೇಲೆ ತುಳಿಯುವವನಿಗೆ ಏದುಸಿರು ಬರಿಸುತ್ತದೆ. ಎರಡು ಕಡೆಗೂ ಸಲ್ಲುವ ಒಂದೇ ಸೈಕಲ್ಲು ಬೇಕು ಎಂದು ಹೊರಟವರಿಗೆ ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಶುರುವಾದ 200 ಮೈಲಿಯ ಪಂದ್ಯ ದೊಡ್ಡ ವೇದಿಕೆಯಾಯಿತು. 2022ರ ಅಕ್ಟೋಬರಿನಲ್ಲಿ ಇಟಲಿಯಲ್ಲಿ ಮೊದಲ ವಿಶ್ವ ಗ್ರಾವೆಲ್ ಚಾಂಪಿಯನ್‌ಷಿಪ್ಪೂ ನಡೆಯಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಿರಿಯರಿಗೆ ಇದರಲ್ಲಿ ಹೊಸದೇನೂ ಕಾಣಿಸದು. ಅಲ್ಲಿ ಮನೆಗೊಂದು ಸೈಕಲ್ಲು ಇದ್ದರೆ ಅದೇ ದೊಡ್ಡದು. ಆ ಒಂದೇ ಸೈಕಲ್ಲು ಬೆಳಿಗ್ಗೆ ಹೊಲದ ಬದುವಿನ ಮೇಲೆ, ಮಧ್ಯಾಹ್ನ ಬಂಡಿ ಜಾಡಿನಲ್ಲಿ, ಸಂಜೆ ಪೇಟೆಯ ಟಾರಿನ ಮೇಲೆ ಓಡಬೇಕಿತ್ತು. ಓಡಿತು ಕೂಡ, ಎರಡು ಮೂರು ತಲೆಮಾರಿನವರೆಗೆ.

ಗ್ರಾವೆಲ್ ಎಂಬುದಕ್ಕೆ ಈ ಸೀಮೆಯಲ್ಲಿ ಒಳ್ಳೆಯ ಹೆಸರಿದೆ: ಗರಸು. ಬಂಡೆ ಕಾಲಾಂತರದಲ್ಲಿ ಸವೆದು, ಒಡೆದು, ಹರಳು ಹರಳಾಗಿ ಕೆಂಪುಗಂದು ಮಣ್ಣಿನೊಡನೆ ಕಲೆತದ್ದು ಗರಸು. ಕೂಡ್ಲಿಗಿ, ಕೊಟ್ಟೂರಿನ ಕಡೆ ಮಸಾರಿ ಹೊಲಗಳ ಅಂಚಿನಲ್ಲಿ ಎರಡು ಅಡಿ ಅಗೆದರೂ ಗರಸು ಸಿಗುವ ಜಾಗಗಳುಂಟು. ಊರ ದಾರಿಗೆ ಇದನ್ನೇ ಸುರಿದು, ನೀರು ಹಾಯಿಸಿ, ದಮ್ಮಸು ಮಾಡಿದರೆ ರಸ್ತೆ ಆಯಿತು. ಬೇಸಿಗೆಯಲ್ಲಿ ಈ ದಾರಿ ಸಿಮೆಂಟಿನಷ್ಟು ಗಟ್ಟಿ. ಮೇಲೆ ಮಾತ್ರ ಸಡಿಲ ಹರಳುಗಳ ಒಂದು ಪದರ, ಸಾಸಿವೆ ಚೆಲ್ಲಿದ ನೆಲದ ಹಾಗೆ. ತಿರುವಿನಲ್ಲಿ ಹ್ಯಾಂಡಲ್ ತುಸು ಜೋರಾಗಿ ತಿರುಗಿಸಿದರೂ ಮುಂದಿನ ಗಾಲಿ ಕೈಬಿಟ್ಟು ಹೋಗುತ್ತದೆ. ಮೊಣಕೈ, ಮೊಣಕಾಲಿನ ಮೇಲೆ ಆ ಹರಳಿನ ಗುರುತು ಇಲ್ಲದ ಗಂಡಸರು ಈ ಊರುಗಳಲ್ಲಿ ಕಡಿಮೆ.

ಹಡಗಲಿ, ಹರಪನಹಳ್ಳಿ ಕಡೆ ಅಲ್ಲಲ್ಲಿ ಎರೆ ಭೂಮಿ ಬರುತ್ತದೆ. ಅದರ ಕಥೆಯೇ ಬೇರೆ, ಮುಂದೆ ಹೇಳಬೇಕು.

ಈ ಐದೂ ತಾಲ್ಲೂಕುಗಳು ಇಂದು ವಿಜಯನಗರ ಜಿಲ್ಲೆಯಲ್ಲಿವೆ. ಜಿಲ್ಲೆ ಕೆಲಸ ಶುರು ಮಾಡಿದ್ದು 2021ರ ಅಕ್ಟೋಬರ್ 2ರಂದು. ಅದಕ್ಕೆ ಮೊದಲು ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿತ್ತು. ಕೊಟ್ಟೂರು ಈಚಿನವರೆಗೂ ಕೂಡ್ಲಿಗಿ ತಾಲ್ಲೂಕಿನೊಳಗಿತ್ತು. ಇನ್ನೂ ಹಿಂದೆ ಹೋದರೆ ನಕ್ಷೆ ಮತ್ತಷ್ಟು ತೊಡಕು. 1800ರಲ್ಲಿ ನಿಜಾಮ ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಮೇಲೆ ಇದು ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಪಶ್ಚಿಮದ ಮೂಲೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವವರೆಗೂ ಹಾಗೆಯೇ ಇತ್ತು. ತುಂಗಭದ್ರೆಯ ಆಚೆ ಒಂದು ಕಡೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ, ಇನ್ನೊಂದು ಕಡೆ ನಿಜಾಮನ ಕೊಪ್ಪಳ. ದಕ್ಷಿಣಕ್ಕೆ ಮೈಸೂರು ಮಹಾರಾಜರ ದಾವಣಗೆರೆ, ಜಗಳೂರು. ಕೂಡ್ಲಿಗಿಯ ಪೂರ್ವಕ್ಕೆ ಸಂಡೂರು ಸಂಸ್ಥಾನ. ಹರಪನಹಳ್ಳಿಯಿಂದ ದಾವಣಗೆರೆಗೆ ಸೈಕಲ್ಲು ತುಳಿದವನು ಒಂದೇ ಬೆಳಗಿನಲ್ಲಿ ಒಂದು ಸರ್ಕಾರ ಬಿಟ್ಟು ಇನ್ನೊಂದು ಸರ್ಕಾರಕ್ಕೆ ಕಾಲಿಡುತ್ತಿದ್ದ. ಯಾವ ದೊಡ್ಡ ರಾಜಧಾನಿಗೂ ಈ ಮೂಲೆ ಹತ್ತಿರವಿರಲಿಲ್ಲ. ರಸ್ತೆಗಳು ಬಡವಾಗಿದ್ದಕ್ಕೆ ಅದೂ ಒಂದು ಕಾರಣ.

ಇದ್ದ ರಸ್ತೆಗಳ ಹಿಂದೆ ನೋವಿನ ಚರಿತ್ರೆಯಿದೆ. 1876ರಿಂದ 78ರವರೆಗೆ, ಧಾತು, ಈಶ್ವರ ಸಂವತ್ಸರಗಳಲ್ಲಿ, ಮದ್ರಾಸು ಪ್ರಾಂತ್ಯವನ್ನು ಹಿಂಡಿದ ಬರದಲ್ಲಿ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. ಸರ್ಕಾರ ತೆರೆದ ಪರಿಹಾರ ಕಾಮಗಾರಿಗಳಲ್ಲಿ ಮುಖ್ಯವಾದದ್ದು ರಸ್ತೆಗೆ ಜಲ್ಲಿ ಒಡೆಯುವುದು. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯದ ಲೆಕ್ಕಕ್ಕೆ ಇಳಿಸಿದ. ಹಸಿದ ಜನ ಬಿಸಿಲಿನಲ್ಲಿ ಕೂತು ಕಲ್ಲು ಒಡೆದರು. ಮುಂದಿನ ಕಾಲು ಶತಮಾನದಲ್ಲಿ ಬಳ್ಳಾರಿ ಸೀಮೆಗೆ ಸೈಕಲ್ಲು ಬಂದಾಗ ಅದು ಉರುಳಿದ್ದು ಇಂಥ ಕಲ್ಲಿನ ಮೇಲೆ. ಸೈಕಲ್ಲಿನ ಚರಿತ್ರೆ ಬರೆಯುವವರು ಯಂತ್ರದ ಬಗ್ಗೆ ಬರೆದಷ್ಟು ರಸ್ತೆಯ ಬಗ್ಗೆ ಬರೆಯುವುದಿಲ್ಲ. ಇಲ್ಲಿ ಮೊದಲು ನೆನೆಯಬೇಕಾದವರು ಆ ಕಲ್ಲು ಕುಟ್ಟಿದವರು.

ಯಂತ್ರದ ವಿಷಯಕ್ಕೆ ಬರೋಣ. ಎರಡೂ ಗಾಲಿ ಸಮನಾಗಿರುವ, ಚೈನಿನಿಂದ ಓಡುವ ಇಂದಿನ ರೂಪದ ಸೈಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಮಾರುಕಟ್ಟೆಗೆ ತಂದದ್ದು 1885ರಲ್ಲಿ. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಗಾಳಿ ಟೈರಿಗೆ ಪೇಟೆಂಟ್ ಪಡೆದ. ಆ ಕಾಲದ ಇಂಗ್ಲೆಂಡಿನಲ್ಲೂ ಟಾರು ರಸ್ತೆ ಅಪರೂಪವಾಗಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಮಾತು. ಜಲ್ಲಿಗೆ ಟಾರು ಬೆರೆಸುವ ವಿಧಾನಕ್ಕೆ ಹೂಲಿ ಎಂಬ ಎಂಜಿನಿಯರ್ ಪೇಟೆಂಟ್ ಪಡೆದದ್ದು 1902ರಲ್ಲಿ. ಅದಕ್ಕೆ ಮೊದಲು ಅವರ ಹಳ್ಳಿದಾರಿಗಳೂ ಕಲ್ಲು, ಮಣ್ಣು, ಕೆಸರು. ರಸ್ತೆ ಸರಿಮಾಡಿ ಎಂದು ಅಲ್ಲಿಯ ಸೈಕಲ್ ಸವಾರರೇ 1886ರಲ್ಲಿ ಒಂದು ಸಂಘ ಕಟ್ಟಿಕೊಂಡು ಹೋರಾಡಿದ್ದರು. ರೋಡ್‌ಸ್ಟರ್ ಎಂದು ಹೆಸರು ಪಡೆದ ಕರೀ ಸೈಕಲ್ಲು ರೂಪುಗೊಂಡದ್ದು ಅಂಥ ದಾರಿಗಳಿಗಾಗಿ. ದಪ್ಪ ಟೈರು, ಉದ್ದನೆಯ ಫ್ರೇಮು, ಮುಂದಕ್ಕೆ ಚಾಚಿದ ಓರೆ ಫೋರ್ಕು, ತೊಗಲಿನ ಸ್ಪ್ರಿಂಗ್ ಸೀಟು, ಕಡ್ಡಿ ಬ್ರೇಕು. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40, ಏಕೆಂದರೆ ಭಾರವೆಲ್ಲ ಹಿಂದೆ ಬೀಳುತ್ತದೆ. ತೂಕ ಸುಮಾರು 20 ಕಿಲೋ.

ಇಂಗ್ಲೆಂಡು ತನ್ನ ರಸ್ತೆಗಳಿಗೆಲ್ಲ ಟಾರು ಹಾಕಿಕೊಂಡಂತೆ ಹಗುರ ಸೈಕಲ್ಲಿನತ್ತ ಸರಿಯಿತು. ರೋಡ್‌ಸ್ಟರ್ ಅಲ್ಲಿ ಮುದುಕರ ವಾಹನವಾಯಿತು. ಬಳ್ಳಾರಿಯ ಪಶ್ಚಿಮ ತಾಲ್ಲೂಕುಗಳಲ್ಲಿ ಗರಸು ಗರಸಾಗಿಯೇ ಉಳಿದಿತ್ತು, ಹಾಗಾಗಿ ಸೈಕಲ್ಲೂ ಬದಲಾಗಲಿಲ್ಲ. ಇದನ್ನು ಹಿಂದುಳಿದಿರುವಿಕೆ ಎನ್ನುವುದು ಸುಲಭ. ಆದರೆ ನೆಲಕ್ಕೆ ಹೊಂದುವ ಯಂತ್ರವನ್ನು ಜನ ಬಿಟ್ಟುಕೊಡದಿದ್ದದ್ದು ತಿಳಿವಳಿಕೆಯ ನಡೆ.

ಭಾರತದ ಎಲ್ಲೆಡೆಯಂತೆ ಇಲ್ಲಿಯೂ ಸೈಕಲ್ಲು ಮೊದಲು ಸಿಕ್ಕಿದ್ದು ಅಧಿಕಾರಿಗಳು, ಪಾದ್ರಿಗಳು, ವೈದ್ಯರು, ಕೈಯಲ್ಲಿ ಕಾಸಿದ್ದ ವರ್ತಕರಿಗೆ. ರ್‍ಯಾಲಿ, ಹರ್ಕ್ಯುಲಿಸ್, ಬಿಎಸ್ಎ, ಫಿಲಿಪ್ಸ್, ಹಂಬರ್ ಎಲ್ಲವೂ ಹಡಗಿನಲ್ಲಿ ಬರುತ್ತಿದ್ದ ವಿಲಾಯತಿ ಸರಕು. ಸ್ವಾತಂತ್ರ್ಯದ ನಂತರ ಚಿತ್ರ ಬದಲಾಯಿತು. ಮದ್ರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಹುಟ್ಟಿದ ಟಿಐ ಸೈಕಲ್ಸ್ ಹರ್ಕ್ಯುಲಿಸ್ ತಯಾರಿಸತೊಡಗಿತು. ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೊ ಶುರುವಾದವು. ಅದರ ಮುಂದಿನ ದಶಕಗಳಲ್ಲಿ ಸೈಕಲ್ಲು ಮೇಷ್ಟರಿಗೆ, ಪೋಸ್ಟ್‌ಮ್ಯಾನಿಗೆ, ಗ್ರಾಮಸೇವಕನಿಗೆ, ಆಮೇಲೆ ರೈತನಿಗೂ ದಕ್ಕಿತು. ಮದುವೆಯ ಮಾತುಕತೆಯಲ್ಲಿ ವಾಚು, ರೇಡಿಯೋ ಜೊತೆ ಸೈಕಲ್ಲೂ ಕೂತಿತು. ಹೊಸ ಸೈಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಗಾಲಿಗಿಟ್ಟು, ಮೊದಲ ಸುತ್ತು ದೇವಸ್ಥಾನಕ್ಕೆ.

ಸ್ವಂತಕ್ಕಿಲ್ಲದವರಿಗೆ ಬಾಡಿಗೆ ಸೈಕಲ್ಲು. ಪ್ರತಿ ಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದೆರಡು ಸೈಕಲ್ ಶಾಪು. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಅಂಗಡಿಯ ಹೆಸರು, ನಂಬರು. “ಅಣ್ಣಾ, ಒಂದ್ ತಾಸಿಗೆ ಸೈಕಲ್ ಕೊಡಣ್ಣಾ” ಎಂದು ನಿಂತ ಹುಡುಗನ ಅಪ್ಪನ ಹೆಸರು, ಓಣಿ ಎಲ್ಲ ಕೇಳಿ, ನೋಟ್‌ಬುಕ್ಕಿನಲ್ಲಿ ಹೊರಟ ಹೊತ್ತು ಬರೆದುಕೊಂಡು ಬೀಗದ ಕೈ ಕೊಡುತ್ತಿದ್ದರು. ಆ ಹುಡುಗನ ಕಾಲಿಗೆ 24 ಇಂಚಿನ ಫ್ರೇಮು ಎಟುಕುವುದಿಲ್ಲ. ಅದಕ್ಕೆ ಉಪಾಯ ಒಳಪೆಡಲು: ಬಾರಿನ ಕೆಳಗೆ, ಫ್ರೇಮಿನ ತ್ರಿಕೋನದೊಳಗಿಂದ ಬಲಗಾಲು ತೂರಿಸಿ, ಮೈಯನ್ನು ಒಂದು ಮಗ್ಗುಲಿಗೆ ವಾಲಿಸಿ, ಅರ್ಧರ್ಧ ಸುತ್ತು ತುಳಿಯುವುದು. ಅದರಲ್ಲಿ ಪಳಗಿ, ಬಾರಿಗೇರಿ, ಕೊನೆಗೆ ಸೀಟಿಗೆ ಬರುವ ಹೊತ್ತಿಗೆ ಹುಡುಗನಿಗೆ ಗರಸಿನ ಗುಣವೆಲ್ಲ ಕರಗತ. ಸಡಿಲ ಹರಳಿನ ಮೇಲೆ ಮುಂದಿನ ಬ್ರೇಕು ಹಿಡಿಯಬಾರದು. ಬಂಡಿ ಜಾಡಿನೊಳಗೆ ಇಳಿದರೆ ಜಾಡು ಮುಗಿಯುವವರೆಗೂ ಅದರಲ್ಲೇ ಹೋಗಬೇಕು, ನಡುವೆ ಹತ್ತಲು ನೋಡಿದರೆ ಬೀಳುವುದು ಖಂಡಿತ. ಮರಳಿನ ಹಳ್ಳ ಬಂದರೆ ತುಳಿತ ನಿಲ್ಲಿಸಬಾರದು. ಇಂದು ಗ್ರಾವೆಲ್ ಬೈಕಿನ ತರಬೇತಿಯಲ್ಲಿ ಹಣ ಕೊಟ್ಟು ಕಲಿಯುವ ಪಾಠಗಳು ಇವೇ.

ಪಂಚರಿನ ಮಾತು ಬಿಡುವಂತಿಲ್ಲ. ಈ ಸೀಮೆಯ ನೆಲದ ಮೇಲೆ ಮೂರು ಬಗೆಯ ಶತ್ರುಗಳು: ನೆಗ್ಗಿಲ ಮುಳ್ಳು, ಕರಿಜಾಲಿಯ ಮುಳ್ಳು, ಬಳ್ಳಾರಿ ಜಾಲಿಯ ಮುಳ್ಳು. ಮೂರನೆಯದು ಅಮೆರಿಕ ಖಂಡದ ಗಿಡ, 19ನೇ ಶತಮಾನದ ಕೊನೆಯ ಭಾಗದಲ್ಲಿ ಉರುವಲಿಗೆಂದು, ಬರಡು ನೆಲಕ್ಕೆ ಹಸಿರಾಗಲೆಂದು ಭಾರತಕ್ಕೆ ತಂದದ್ದು. ಕನ್ನಡದಲ್ಲಿ ಅದಕ್ಕೆ ಅಂಟಿಕೊಂಡ ಹೆಸರೇ ಈ ಸೀಮೆಯ ಹಳೆಯ ಜಿಲ್ಲೆಯದು. ಕೆರೆಯಂಗಳ, ರಸ್ತೆಯ ಎರಡೂ ಬದಿ, ಬೀಳು ಹೊಲ ಎಲ್ಲವನ್ನೂ ಅದು ಆಕ್ರಮಿಸಿತು. ಕಡಿದ ಜಾಲಿ ಹೊತ್ತ ಬಂಡಿ ಹೋದ ದಾರಿಯಲ್ಲಿ ಸೈಕಲ್ಲು ತಂದವನಿಗೆ ಪಂಚರು ತಪ್ಪಿದ್ದಲ್ಲ.

ಪಂಚರು ಹಾಕುವವನ ಕೈಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದೊಂದು ನಿಧಾನದ ವಿದ್ಯೆ. ಸೈಕಲ್ಲನ್ನು ಮಗುಚಿ ಸೀಟು ಹ್ಯಾಂಡಲ್ಲುಗಳ ಮೇಲೆ ನಿಲ್ಲಿಸುತ್ತಾನೆ. ಎರಡು ಚಪ್ಪಟೆ ಲಿವರುಗಳಿಂದ ಟೈರಿನ ಅಂಚನ್ನು ರಿಮ್ಮಿನಿಂದ ಎಬ್ಬಿಸಿ, ಟ್ಯೂಬನ್ನು ಕರುಳಿನಂತೆ ಹೊರಗೆ ಎಳೆಯುತ್ತಾನೆ. ಗಾಳಿ ಹೊಡೆದು, ಕಲಾಯಿ ಬೋಗುಣಿಯ ಕಲಕು ನೀರಿನಲ್ಲಿ ಗೇಣು ಗೇಣು ಅದ್ದುತ್ತ ಹೋಗುತ್ತಾನೆ. ಸಣ್ಣ ಗುಳ್ಳೆಗಳ ಸರ ಎದ್ದ ಜಾಗದ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ನೀರು ಒರೆಸಿ, ಕಡ್ಡಿಯಲ್ಲಿ ಗುರುತು ಮಾಡುತ್ತಾನೆ. ಉಪ್ಪುಕಾಗದದಿಂದ ತಿಕ್ಕಿ ಒರಟು ಮಾಡಿ, ಸೊಲ್ಯೂಷನ್ ಹಚ್ಚಿ, ಅದು ಒಣಗುವವರೆಗೆ ಬಾಯಿಂದ ಊದುತ್ತಾನೆ. ಹಳೆಯ ಟ್ಯೂಬಿನಿಂದ ಕತ್ತರಿಸಿದ ತುಂಡು ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟುತ್ತಾನೆ. ಇಷ್ಟಾದ ಮೇಲೆ ಮುಖ್ಯ ಕೆಲಸ ಒಂದಿದೆ: ಟೈರಿನ ಒಳಮೈಯಲ್ಲಿ ಬೆರಳಾಡಿಸಿ ಉಳಿದ ಮುಳ್ಳಿನ ಮೊನೆ ಹುಡುಕುವುದು. ಅದನ್ನು ಮರೆತರೆ ಊರ ಅಗಸೆ ದಾಟುವಷ್ಟರಲ್ಲಿ ಮತ್ತೆ ಗಾಳಿ ಇಳಿಯುತ್ತದೆ. ಬೆರಳಿನ ತುದಿ ಸಾವಿರ ಸಲ ಚುಚ್ಚಿಸಿಕೊಂಡು ದಡ್ಡುಗಟ್ಟಿರುತ್ತದೆ, ಆದರೂ ಮೊನೆ ಅದಕ್ಕೆ ತಿಳಿಯುತ್ತದೆ.

ಕೂಡ್ಲಿಗಿಯ ಒಳಹಳ್ಳಿಗಳಿಗೆ, ಗುಡೇಕೋಟೆಯಂಥ ಬಂಡೆಗುಡ್ಡಗಳ ಊರಿಗೆ ಹೋಗುವವರು ಪಂಪನ್ನು ಫ್ರೇಮಿಗೆ ಕಟ್ಟಿಕೊಂಡು, ಕಿಸೆಯಲ್ಲಿ ವಾಲ್ ಟ್ಯೂಬಿನ ಒಂದು ತುಂಡು ಇಟ್ಟುಕೊಂಡು ಹೊರಡುತ್ತಿದ್ದರು. ಗಾಳಿ ತಡೆಯುವ ಈ ಸಣ್ಣ ರಬ್ಬರು ನಳಿಕೆ ಬಿಸಿಲಿಗೆ ಸೀಳುತ್ತಿತ್ತು. ಬೆಲೆ ಕೆಲವೇ ಪೈಸೆ. ಅದಿಲ್ಲದೆ ಹೋದವರು ಮೈಲಿಗಟ್ಟಲೆ ತಳ್ಳಿಕೊಂಡು ಬಂದದ್ದುಂಟು, ಅದೂ ಕರಡಿ ತಿರುಗುವ ಕಾಡಿನಂಚಿನಲ್ಲಿ. ಗುಡೇಕೋಟೆ ಈಗ ಅಧಿಕೃತವಾಗಿಯೇ ಕರಡಿಧಾಮ.

ಎರೆ ಮಣ್ಣಿನ ಕಥೆ ಹೇಳುತ್ತೇವೆಂದು ಬಿಟ್ಟಿದ್ದೆವು. ಒಣಗಿದಾಗ ಎರೆ ದಾರಿ ಸೈಕಲ್ಲಿಗೆ ಸ್ವರ್ಗ. ಜನ ನಡೆದು ನಡೆದು ನುಣುಪಾದ ಕಾಲುದಾರಿಯ ಮೇಲೆ ಸದ್ದಿಲ್ಲದೆ ಓಡುತ್ತದೆ. ಒಂದು ಮಳೆ ಬಿದ್ದರೆ ಮುಗಿಯಿತು. ಮಣ್ಣು ಟೈರಿಗೆ ಅಂಟಿ, ಸುತ್ತಿ, ಮಡ್‌ಗಾರ್ಡಿನ ಕೆಳಗೆ ಗಿಡಿದು, ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿಯೇ ತಿರುಗುವುದಿಲ್ಲ. ಕಡ್ಡಿಯಿಂದ ಕೆತ್ತಿ ತೆಗೆಯಬೇಕು, ಮತ್ತೆ ಹತ್ತು ಮಾರು, ಮತ್ತೆ ಕೆತ್ತಬೇಕು. ಕೊನೆಗೆ ಸೈಕಲ್ಲನ್ನು ಹೆಗಲಿಗೇರಿಸಿ ನಡೆಯುವುದೇ ದಾರಿ, 20 ಕಿಲೋ ಸೈಕಲ್ಲು, ಅದರ ಮೇಲೆ ಇನ್ನಷ್ಟು ಮಣ್ಣು. ಹೊಲದ ಕೆಲಸಕ್ಕೇ ಸೈಕಲ್ಲು ಇಟ್ಟವರು ಮಡ್‌ಗಾರ್ಡು, ಚೈನ್ ಕವರು ಎರಡನ್ನೂ ಬಿಚ್ಚಿಸಿಬಿಡುತ್ತಿದ್ದರು. ಟೈರಿಗೂ ಫ್ರೇಮಿಗೂ ನಡುವೆ ಕೆಸರು ಜಾರಿಹೋಗುವಷ್ಟು ಜಾಗ ಬಿಡಬೇಕು ಎಂಬುದು ಇಂದಿನ ಗ್ರಾವೆಲ್ ಬೈಕಿನ ವಿನ್ಯಾಸಕಾರರು ಮೊದಲು ಲೆಕ್ಕ ಹಾಕುವ ಸಂಗತಿ. ಹಡಗಲಿ ಸೀಮೆಯ ರೈತ ಅದನ್ನು ಸ್ಪ್ಯಾನರು ಹಿಡಿದು ಬಗೆಹರಿಸಿದ್ದ.

ಹೀಗೆ ಬಿಚ್ಚಿದವರಿದ್ದಂತೆ ಸೇರಿಸಿದವರೂ ಇದ್ದರು. ಹಾಲು, ಮೇವು, ಐಸ್ ಕ್ಯಾಂಡಿ, ಬಟ್ಟೆ ಗಂಟು, ಸೀಮೆಎಣ್ಣೆ ಡಬ್ಬ ಹೊರುವವರು ಕ್ಯಾರಿಯರ್ ತೆಗೆಸಿ ಬೆಸುಗೆಯ ಅಂಗಡಿಯಲ್ಲಿ ದಪ್ಪ ಕಬ್ಬಿಣದ ದೊಡ್ಡ ಕ್ಯಾರಿಯರ್ ಮಾಡಿಸಿದರು. ಫೋರ್ಕು ಬಾಗದಂತೆ ಎರಡು ಕಡೆ ಸಪೋರ್ಟ್ ಕಡ್ಡಿ ಕೂರಿಸಿದರು. ಕಾರ್ಖಾನೆಯವರೂ ಹಳ್ಳಿಯ ಗಿರಾಕಿಯನ್ನು ಅರಿತು ಡಬಲ್ ಬಾರಿನ ಸೈಕಲ್ಲು ಮಾಡಿದರು. ಸೈಕಲ್ಲು ಹೊತ್ತ ಸರಕುಗಳಲ್ಲಿ ಹಡಗಲಿಯ ಮಲ್ಲಿಗೆಯೂ ಒಂದು, ಅದಕ್ಕೆ ಇಂದು ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಮಲ್ಲಿಗೆ ಮೊಗ್ಗು ಅರಳಿದರೆ ಬೆಲೆ ಬಿತ್ತು, ಆದ್ದರಿಂದ ನಸುಕಿನಲ್ಲಿ ಬಿಡಿಸಿದ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊತ್ತೇರುವ ಮುನ್ನ ಪೇಟೆ ಮುಟ್ಟಬೇಕು. ತೋಟದಿಂದ ರಸ್ತೆಯವರೆಗೆ ಬದುವು, ರಸ್ತೆಯಿಂದ ಬಸ್ ಸ್ಟ್ಯಾಂಡಿನವರೆಗೆ ಟಾರು. ನಡುವೆ ವಾಹನ ಬದಲಿಸಲು ಹೊತ್ತೆಲ್ಲಿ?

ರೈಲು ಈ ಸೀಮೆಗೆ ಬೇಗನೆ ಬಂದಿತ್ತು. ಹೊಸಪೇಟೆಯಿಂದ ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ ಹಾದು ಕೊಟ್ಟೂರಿಗೆ ಮೀಟರ್‌ಗೇಜ್ ಹಳಿ ಬಿದ್ದದ್ದು 20ನೇ ಶತಮಾನದ ಮೊದಲ ದಶಕದಲ್ಲಿ. ಕೊಟ್ಟೂರು ವ್ಯಾಪಾರದ ಊರಾಗಿ ಬೆಳೆಯಲು ಅದೂ ನೆರವಾಯಿತು. ಆದರೆ ಹಳಿ ಕೊಟ್ಟೂರಿನಲ್ಲೇ ನಿಂತಿತು. ಅದು ಹರಪನಹಳ್ಳಿ ಮಾರ್ಗವಾಗಿ ಹರಿಹರ ಮುಟ್ಟಲು ಈ ಶತಮಾನವೇ ಬರಬೇಕಾಯಿತು. ಕೂಡ್ಲಿಗಿಗೆ, ಹಡಗಲಿಗೆ ಇವತ್ತಿಗೂ ರೈಲಿಲ್ಲ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ರೈಲು ಹಿಡಿಯುವವರಿಗೆ ಸೈಕಲ್ಲೇ ಫೀಡರ್ ಬಸ್ಸು. ಬಸ್ಸು ಸಿಕ್ಕರೆ ಸೈಕಲ್ಲನ್ನೂ ಟಾಪಿಗೆ ಹಾಕಿ, ಇಳಿದ ಊರಿನಿಂದ ಒಳದಾರಿ ತುಳಿಯುತ್ತಿದ್ದರು.

ಮಾಘದಲ್ಲಿ ಮೈಲಾರದ ಕಾರಣಿಕ, ಕೊಟ್ಟೂರು ಗುರುಬಸವೇಶ್ವರನ ತೇರು ಎಂದರೆ ದಾರಿ ತುಂಬ ಜನ. ಮೈಲಾರಕ್ಕೆ ಸವಾರಿ ಬಂಡಿ ಕಟ್ಟಿಕೊಂಡು ಬರುವವರು, ಕೊಟ್ಟೂರಿಗೆ ಪಾದಯಾತ್ರೆಯಲ್ಲಿ ಬರುವವರು. ಅವರ ಅಕ್ಕಪಕ್ಕದಲ್ಲಿ ಬುತ್ತಿ, ನೀರು ಹೊತ್ತ ಸೈಕಲ್ಲುಗಳು. ಬೇಸಿಗೆಯ ರಾತ್ರಿಗಳಲ್ಲಿ ಬಯಲಾಟ, ಕಂಪನಿ ನಾಟಕ ನೋಡಲು ಹುಡುಗರು ಒಂದೊಂದು ಸೈಕಲ್ಲಿನ ಮೇಲೆ ಇಬ್ಬರು ಮೂವರು ಕೂತು ಹೋದದ್ದು ಈ ಸೀಮೆಯ ನೆನಪುಗಳಲ್ಲಿ ಗಟ್ಟಿಯಾಗಿ ಉಳಿದಿದೆ. ಡಬಲ್ ರೈಡಿಂಗು, ದೀಪವಿಲ್ಲದ ಸವಾರಿ ಎರಡೂ ಪೇಟೆಯಲ್ಲಿ ಪೊಲೀಸರಿಗೆ ಸಿಕ್ಕಿಬೀಳುವ ತಪ್ಪುಗಳು. ಸೈಕಲ್ಲಿಗೆ ವರ್ಷವರ್ಷ ತೆರಿಗೆ ಕಟ್ಟಿ, ತಗಡಿನ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು. ಊರೂರಿಗೆ ಬರುತ್ತಿದ್ದ ಸೈಕಲ್ ಆಟದವರೂ ನೆನಪಾಗುತ್ತಾರೆ. ಬಯಲಿನಲ್ಲಿ ಕಂಬ ನೆಟ್ಟು, ಟ್ಯೂಬ್‌ಲೈಟು ಕಟ್ಟಿ, ಹಗಲೂ ರಾತ್ರಿ ಕೆಳಗಿಳಿಯದೆ ದಿನಗಟ್ಟಲೆ ಸುತ್ತುತ್ತಿದ್ದ ಆ ಕಲಾವಿದ ಸ್ನಾನ, ಊಟ ಎಲ್ಲವನ್ನೂ ಸೀಟಿನ ಮೇಲೆಯೇ ಮಾಡುತ್ತಿದ್ದ. ಅವನು ಸುತ್ತುತ್ತಿದ್ದದ್ದೂ ಗರಸಿನ ನೆಲದ ಮೇಲೆಯೇ.

ತುಂಗಭದ್ರಾ ಅಣೆಕಟ್ಟು 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತಾಗ ಹಳೆಯ ದಾರಿಗಳೇ ಮುಳುಗಿದವು. ನಾರಾಯಣದೇವರಕೆರೆಯಂಥ ಊರೇ ನೀರೊಳಗೆ ಹೋಯಿತು, ಜನ ಮರಿಯಮ್ಮನಹಳ್ಳಿಗೆ ಬಂದರು. ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ಹಿನ್ನೀರಿನಂಚಿನಲ್ಲಿ ಹೊಸ ಬಳಸುದಾರಿಗಳು ಹುಟ್ಟಿದವು. ಅವುಗಳನ್ನು ಮೊದಲು ತುಳಿದು ಜಾಡು ಮೂಡಿಸಿದ್ದು ದನ, ಬಂಡಿ, ಸೈಕಲ್ಲು.

ಸೈಕಲ್ಲಿನ ಈ ಕಾಲ ಮುಗಿಯತೊಡಗಿದ್ದು 1980ರಲ್ಲಿ ಟಿವಿಎಸ್ 50 ಬಂದ ಮೇಲೆ. ಸೈಕಲ್ಲಿನಂತೆಯೇ ಪೆಡಲಿದ್ದ, ಮೂಟೆ ಹೊರುವ, ಬದುವಿನ ಮೇಲೂ ಹೋಗುವ ಆ ಮೊಪೆಡ್ಡು ರೈತನ ಮನಸ್ಸು ಗೆದ್ದಿತು. ಅದರ ಮುಂದಿನ ಪೀಳಿಗೆಯ ‘ಎಕ್ಸೆಲ್’ ಇವತ್ತಿಗೂ ಈ ಹೊಲಗಳ ದೊರೆ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಹಳ್ಳಿಹಳ್ಳಿಗೆ ಟಾರು ತಂದಿತು. ಬಾಡಿಗೆ ಸೈಕಲ್ಲಿನ ನೋಟ್‌ಬುಕ್ಕುಗಳು ಒಂದೊಂದಾಗಿ ಮುಚ್ಚಿದವು.

ಆಗಲೇ ಒಂದು ದೊಡ್ಡ ಬದಲಾವಣೆ ಬಂತು. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ಅಷ್ಟು ವರ್ಷ ಈ ಸೀಮೆಯಲ್ಲಿ ಸೈಕಲ್ಲು ಗಂಡಸರ ವಾಹನವಾಗಿತ್ತು. ಹೈಸ್ಕೂಲು ಪಕ್ಕದೂರಿನಲ್ಲಿದ್ದರೆ ಹೆಣ್ಣುಮಕ್ಕಳ ಓದು ಏಳನೇ ತರಗತಿಗೇ ನಿಲ್ಲುವುದು ಸಾಮಾನ್ಯ. ಬಾರಿಲ್ಲದ ಸೈಕಲ್ಲು ಮನೆ ಮನೆಗೆ ಬಂದ ಮೇಲೆ ಸಮವಸ್ತ್ರದ ಹುಡುಗಿಯರು ಸಾಲಾಗಿ ಹೊರಟರು. ಹಳ್ಳಿಯ ಗರಸಿನಿಂದ ಟಾರಿಗೆ, ಟಾರಿನಿಂದ ಶಾಲೆಯ ಮಣ್ಣಿನಂಗಳಕ್ಕೆ. ಆ ಸೈಕಲ್ಲುಗಳ ಗುಣಮಟ್ಟದ ಬಗ್ಗೆ ದೂರು ಬಂದದ್ದು ನಿಜ, ಬೆಸುಗೆ ಬಿಟ್ಟದ್ದೂ ಉಂಟು. ಆದರೂ ಈ ಭಾಗದ ಸೈಕಲ್ಲಿನ ನೂರಿಪ್ಪತ್ತು ವರ್ಷಗಳ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯ ಘಟನೆ ಇನ್ನೊಂದಿಲ್ಲ. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತದ್ದು ನಷ್ಟವೇ. ಅದೇ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕಾರ್ಖಾನೆಯ ಕೆಲಸ ನಿಲ್ಲಿಸಿತು.

ಕಾನ್ಸಾಸಿನ ಪಂದ್ಯ ನಡೆಯುವ ಫ್ಲಿಂಟ್ ಬೆಟ್ಟಗಳ ಚೂಪುಗಲ್ಲು ಟೈರು ಸೀಳುವುದರ ಬಗ್ಗೆ ಬೇಕಾದಷ್ಟು ಬರಹ, ಚಿತ್ರ, ದಾಖಲೆ ಇವೆ. ಕೂಡ್ಲಿಗಿಯ ನೆಗ್ಗಿಲ ಮುಳ್ಳಿನ ಬಗ್ಗೆ, ಅದನ್ನು ಬೆರಳ ತುದಿಯಲ್ಲಿ ಹುಡುಕಿದವರ ಬಗ್ಗೆ ಇಲ್ಲ. ಈ ಐದು ತಾಲ್ಲೂಕುಗಳ ಓದುಗರಲ್ಲಿ ಒಂದು ಕೋರಿಕೆ: ಅಟ್ಟದ ಮೇಲೆ ಹಳೆಯ ಸೈಕಲ್ಲಿನ ರಸೀದಿ, ತಗಡಿನ ಲೈಸೆನ್ಸ್ ಬಿಲ್ಲೆ, ಬಾಡಿಗೆ ಅಂಗಡಿಯ ನೋಟ್‌ಬುಕ್ಕು, ಮದುವೆಯಲ್ಲಿ ಸೈಕಲ್ಲಿನೊಡನೆ ತೆಗೆಸಿಕೊಂಡ ಫೋಟೋ ಇದ್ದರೆ ಗುಜರಿಗೆ ಹಾಕಬೇಡಿ. ನಿಮ್ಮೂರಿನಲ್ಲಿ ಎಪ್ಪತ್ತು ದಾಟಿದ ಸೈಕಲ್ ರಿಪೇರಿಯವರು ಇದ್ದರೆ ಅವರ ಪಕ್ಕದಲ್ಲಿ ಒಂದು ಸಂಜೆ ಕೂತು, ಅವರು ಹೇಳಿದ್ದನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ. ಹಿತ್ತಲಲ್ಲಿ ಕರೀ ಸೈಕಲ್ಲು ತುಕ್ಕು ಹಿಡಿಯುತ್ತಿದ್ದರೆ ಅದನ್ನೂ ಅವರ ಬಳಿಗೆ ಒಯ್ಯಿರಿ. 28 × 1½ ಟೈರು ಇನ್ನೂ ಸಿಗುತ್ತದೆ.